ಹರಿವೆಯ ಋಣ

ತಾರಸಿಯ ಮೇಲೆ ಎಂಟು ಕುಂಡಗಳಲ್ಲಿ ಹರಿವೆ ಬೆಳೆದವನಿಗೆ ಕೊಂಚ ಹೆಮ್ಮೆ ಬರುವುದು ಸಹಜ. ವಿಷ ಸೋಕದ ಸೊಪ್ಪು, ಸ್ವಂತ ದುಡಿಮೆಯ ಫಲ. ಇದರಲ್ಲಿ ಯಾರ ಹಂಗೂ ಇಲ್ಲವೆಂದು ನಾನೂ ಬೀಗಿದ್ದುಂಟು.

2024ರ ಮಾರ್ಚ್ ತಿಂಗಳಲ್ಲಿ ಆ ಬೀಗು ಇಳಿಯಿತು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದು, ಬಳಸಿದರೆ 5000 ರೂಪಾಯಿ ದಂಡ ಎಂದು ಬೆಂಗಳೂರಿನ ಜಲಮಂಡಳಿ ಆಜ್ಞೆ ಹೊರಡಿಸಿತು. ನನ್ನ ಕುಂಡಗಳಿಗೆ ನಾನು ಸುರಿಯುತ್ತಿದ್ದ ಕಾವೇರಿ, ಸುಮಾರು 100 ಕಿಲೋಮೀಟರ್ ದೂರದಿಂದ ಯಂತ್ರಗಳ ಬಲದಿಂದ ಮೇಲೇರಿ ಬಂದವಳು. ಅದೇ ದಿನಗಳಲ್ಲಿ ಊರಂಚಿನ ಬಡಾವಣೆಗಳ ಜನ ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುತ್ತಿದ್ದರು. ಹಾಗಾದರೆ ನನ್ನ ಹರಿವೆ ಬೆಳೆದದ್ದು ಯಾರ ಪಾಲಿನ ನೀರು ಕುಡಿದು?

ಕೈತೋಟವನ್ನೇ ಬಿಡಬೇಕೆ? ಬೇಕಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಅಕ್ಕಚ್ಚು ಹಸುವಿಗೆ, ಬಚ್ಚಲ ನೀರು ಹಿತ್ತಿಲ ಬಾಳೆಗೆ ಸಲ್ಲುತ್ತಿತ್ತು. ಅದನ್ನು ಜಿಪುಣತನವೆಂದು ಯಾರೂ ಆಡಿಕೊಳ್ಳಲಿಲ್ಲ. ಈಗ ನಮ್ಮಲ್ಲಿಯೂ ಅಕ್ಕಿ, ತರಕಾರಿ ತೊಳೆದ ನೀರಷ್ಟೇ ಕುಂಡಗಳ ಪಾಲು. ಅದು ಐದಕ್ಕೆ ಸಾಲುತ್ತದೆ. ಮಿಕ್ಕ ಮೂರು ಮಳೆಗಾಲಕ್ಕೆ ಕಾಯುತ್ತವೆ. ನೆರೆಯವರ ಕೊಡ ತುಂಬಿದ ಮೇಲೆ ಬೆಳೆದಷ್ಟೇ ನನ್ನದೆಂದುಕೊಂಡರೆ, ಸಾರಿಗೆ ಸೊಪ್ಪು ಕಡಿಮೆ ಬಿದ್ದರೂ ಊಟ ರುಚಿಸುತ್ತದೆ.