ಗರ್ಭಸ್ಥ ಶಿಶುವಿನ ಪರೀಕ್ಷೆ: ಮೊದಲು ಕೇಳಬೇಕಾದ ಪ್ರಶ್ನೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ಹೆಂಡತಿ ಅಣ್ಣತಮ್ಮಂದಿರ ಮಕ್ಕಳು. ಮೊದಲ ಮಗ ಐದು ವರ್ಷದವನು, ಅವನಿಗೆ ಥಲಸ್ಸೀಮಿಯಾ. ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತ ಹಾಕಿಸಬೇಕು. ಹಾಗೆ ಹಾಕಿಸಿದ ರಕ್ತದಿಂದ ದೇಹದಲ್ಲಿ ಸೇರಿಕೊಳ್ಳುವ ಕಬ್ಬಿಣದ ಅಂಶವನ್ನು ಹೊರಹಾಕಲು ಔಷಧಿ ಕೊಡುತ್ತಿರಬೇಕು. ಈಗ ಆ ತಾಯಿ ಮತ್ತೆ ಗರ್ಭಿಣಿ, ಒಂಬತ್ತನೆಯ ವಾರ. ಈ ಮಗುವಿಗೂ ರೋಗವಿದೆಯೇ ಎಂದು ಗರ್ಭದಲ್ಲೇ ತಿಳಿಯಬಹುದು, ಮಾಡಿಸುವುದಾದರೆ ಬೇಗ ತೀರ್ಮಾನಿಸಿ ಎಂದು ವೈದ್ಯೆ ಹೇಳಿ ಕಳುಹಿಸಿದ್ದಾರೆ. ‘ಕೊಡುವವನು ಅಲ್ಲಾಹ್, ಅವನು ಕೊಟ್ಟದ್ದನ್ನು ಪರೀಕ್ಷಿಸಲು ನಾವು ಯಾರಮ್ಮಾ?’ ಎನ್ನುತ್ತಾರೆ ಅತ್ತೆ. ‘ಈ ಕಾಲದಲ್ಲೂ ಮಾಡಿಸದಿದ್ದರೆ ಅದು ಮೂರ್ಖತನ. ಮಾಡಿಸಿ, ರೋಗವಿದ್ದರೆ ತೆಗೆಸಿಬಿಡಿ, ಮುಗಿಯಿತು’ ಎನ್ನುತ್ತಾರೆ ಮಾವನ ತಮ್ಮ. ಗಂಡ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಾನೆ. ಆಕೆಯನ್ನು ಮಾತ್ರ ಯಾರೂ ಕೇಳಿಲ್ಲ.

ಇಬ್ಬರು ಹಿರಿಯರ ಮಾತಿನಲ್ಲೂ ಒಂದೇ ತಪ್ಪು ಗ್ರಹಿಕೆಯಿದೆ. ಪರೀಕ್ಷೆ ಮಾಡಿಸುವುದು ಮತ್ತು ಗರ್ಭವನ್ನು ತೆಗೆಸುವುದು ಒಂದೇ ಕೆಲಸವೆಂದು ಇಬ್ಬರೂ ಭಾವಿಸಿದ್ದಾರೆ. ಆದ್ದರಿಂದಲೇ ಒಬ್ಬರು ಪರೀಕ್ಷೆಗೆ ಹೆದರುತ್ತಾರೆ, ಇನ್ನೊಬ್ಬರು ಅವಸರಪಡಿಸುತ್ತಾರೆ. ವಾಸ್ತವದಲ್ಲಿ ಇವು ಎರಡು ಬೇರೆ ಬೇರೆ ತೀರ್ಮಾನಗಳು, ಎರಡಕ್ಕೂ ನಾವು ಪ್ರತ್ಯೇಕವಾಗಿ ಉತ್ತರ ಹೇಳಬೇಕಾಗುತ್ತದೆ.

ಮೊದಲು ಅತ್ತೆಯವರ ಮಾತನ್ನು ನೋಡೋಣ. ಗರ್ಭಾಶಯಗಳಲ್ಲಿರುವುದನ್ನು ಅಲ್ಲಾಹನು ಬಲ್ಲನೆಂದು ಪವಿತ್ರ ಕುರ್‌ಆನಿನ ಲುಕ್ಮಾನ್ ಅಧ್ಯಾಯದ ಕೊನೆಯಲ್ಲಿ ಬಂದಿದೆ. ಸ್ಕ್ಯಾನಿಂಗ್ ಬಂದ ದಿನದಿಂದ ಕೆಲವರು ಇದನ್ನು ಮುಂದಿಟ್ಟು, ವೈದ್ಯರು ದೇವನ ಜ್ಞಾನದಲ್ಲಿ ಕೈಹಾಕುತ್ತಿದ್ದಾರೆಂದು ದೂರುವುದುಂಟು. ಆದರೆ ವೈದ್ಯರು ತಿಳಿಯುವುದು ಎಷ್ಟು? ಗರ್ಭದಲ್ಲಿರುವ ಶಿಶುವಿನ ಬಳಿಗೆ ದೇವಚರನು ಬಂದು ನಾಲ್ಕು ವಿಷಯಗಳನ್ನು ಬರೆಯುತ್ತಾನೆಂದು ಪ್ರವಾದಿ(ಸ) ತಿಳಿಸಿದ್ದಾರೆ: ಅದರ ಅನ್ನಾಧಾರ, ಅದರ ಆಯುಷ್ಯ, ಅದರ ಕರ್ಮ, ಮತ್ತು ಅದು ಭಾಗ್ಯವಂತವೋ ಹತಭಾಗ್ಯವೋ ಎಂಬುದು. ಪ್ರಯೋಗಾಲಯದ ವರದಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿರಿ, ಈ ನಾಲ್ಕರಲ್ಲಿ ಒಂದಾದರೂ ಅದರಲ್ಲಿ ಇರುವುದಿಲ್ಲ. ಕ್ರೋಮೋಸೋಮುಗಳ ಲೆಕ್ಕ ಇರುತ್ತದೆ, ಒಂದು ಜೀನಿನಲ್ಲಿರುವ ದೋಷ ಇರುತ್ತದೆ. ಅದನ್ನು ತಿಳಿದುಕೊಳ್ಳುವುದು ಜ್ವರ ಬಂದಾಗ ರಕ್ತ ಪರೀಕ್ಷಿಸಿ ಮಲೇರಿಯಾ ಹೌದೋ ಅಲ್ಲವೋ ಎಂದು ತಿಳಿಯುವುದಕ್ಕಿಂತ ಭಿನ್ನವಲ್ಲ.

ಹಝ್ರತ್ ಉಮರ್(ರ) ಶಾಮ್‌ಗೆ ಹೊರಟಿದ್ದಾಗ, ಸರ್ಗ್ ಎಂಬಲ್ಲಿ, ಮುಂದೆ ಪ್ಲೇಗ್ ಹಬ್ಬಿದೆಯೆಂಬ ಸುದ್ದಿ ತಿಳಿಯಿತು. ಅವರು ಮುಹಾಜಿರರನ್ನೂ ಅನ್ಸಾರರನ್ನೂ ಕುರೈಶರ ಹಿರಿಯರನ್ನೂ ಕರೆದು ಸಮಾಲೋಚಿಸಿ, ಹಿಂದಿರುಗುವ ತೀರ್ಮಾನ ಕೈಗೊಂಡರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರವಾಗಿತ್ತು. ತವಕ್ಕುಲ್ ಎಂದರೆ ಕಣ್ಣುಮುಚ್ಚಿಕೊಳ್ಳುವುದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಈ ಘಟನೆಯನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದನ್ನೂ ಗಮನಿಸಬೇಕು. ಉಮರ್(ರ) ರೋಗದಿಂದ ದೂರ ಸರಿದರು, ರೋಗಿಯನ್ನು ಇಲ್ಲವಾಗಿಸಲಿಲ್ಲ. ತಿಳಿದುಕೊಳ್ಳುವುದಕ್ಕೆ ಇದು ಆಧಾರವಾದೀತೇ ಹೊರತು, ತಿಳಿದ ಮೇಲೆ ಮಾಡುವುದಕ್ಕೆಲ್ಲ ಅಲ್ಲ.

ಹಾಗಾದರೆ ಎಲ್ಲ ಗರ್ಭಿಣಿಯರೂ ಪರೀಕ್ಷೆ ಮಾಡಿಸಬೇಕೇ? ಇಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಇವುಗಳ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಗಳಲ್ಲಿ ನಿದ್ದೆಗೆಡುತ್ತಾರೆ. ಹನ್ನೊಂದರಿಂದ ಹದಿಮೂರನೆಯ ವಾರದಲ್ಲಿ ಮಾಡುವ ಸ್ಕ್ಯಾನಿಂಗ್, ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆ, ಇತ್ತೀಚೆಗೆ ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ನೋಡುವ ಪರೀಕ್ಷೆ, ಇವೆಲ್ಲ ಸಾಧ್ಯತೆಯನ್ನು ಮಾತ್ರ ಹೇಳುತ್ತವೆ. ‘ಅಪಾಯ 1:200’ ಎಂದು ಬಂದರೆ ಮಗುವಿಗೆ ರೋಗವಿದೆ ಎಂದರ್ಥವಲ್ಲ. ಅಂತಹ 200 ತಾಯಂದಿರಲ್ಲಿ 199 ಮಂದಿಯ ಮಗುವಿಗೆ ಆ ತೊಂದರೆ ಇರುವುದಿಲ್ಲ ಎಂದರ್ಥ. ಖಚಿತವಾಗಿ ಹೇಳುವ ಪರೀಕ್ಷೆಗಳು ಎರಡೇ. ಒಂದು, ಸುಮಾರು 11ರಿಂದ 13ನೆಯ ವಾರದೊಳಗೆ ಮಾಸುವಿನ ಚೂರು ತೆಗೆದು ನೋಡುವುದು. ಇನ್ನೊಂದು, 15ನೆಯ ವಾರದ ನಂತರ ಸೂಜಿಯಿಂದ ಗರ್ಭಜಲವನ್ನು ತೆಗೆದು ನೋಡುವುದು. ಎರಡರಲ್ಲೂ ಗರ್ಭಪಾತದ ಅಪಾಯ ಸ್ವಲ್ಪವಿದೆ. ಹಿಂದೆ ಇನ್ನೂರಕ್ಕೆ ಒಂದು ಎನ್ನುತ್ತಿದ್ದರು, ನುರಿತ ಕೈಗಳಲ್ಲಿ ಅದಕ್ಕಿಂತ ಕಡಿಮೆ ಎನ್ನುತ್ತವೆ ಈಚಿನ ಅಧ್ಯಯನಗಳು. ಕಡಿಮೆಯಾದರೂ, ಆರೋಗ್ಯವಂತ ಮಗುವೊಂದನ್ನು ಕಳೆದುಕೊಳ್ಳುವ ಸಾಧ್ಯತೆ ಅದು. ಇಪ್ಪತ್ತನಾಲ್ಕರ ಹರೆಯದ, ಮನೆತನದಲ್ಲಿ ಯಾವ ರೋಗವೂ ಇಲ್ಲದ, ರಕ್ತಪರೀಕ್ಷೆಯಲ್ಲಿ ಏನೂ ಕಾಣದ ಹೆಣ್ಣುಮಗಳು ‘ಮನಸ್ಸಿನ ಸಮಾಧಾನಕ್ಕೆ’ ಸೂಜಿ ಹಾಕಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಗಾಂಧಿ ಬಜಾರಿನ ಆ ತಾಯಿಯ ವಿಷಯ ಬೇರೆ. ತಂದೆ ತಾಯಿ ಇಬ್ಬರೂ ಥಲಸ್ಸೀಮಿಯಾದ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ರೋಗದ್ದು. ಮೊದಲನೆಯದಕ್ಕೆ ಬಂದಿದೆ, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕವಲ್ಲ ಅದು. ಪ್ರತಿ ಸಲವೂ ಅಷ್ಟೇ.

ಇನ್ನು ಮಾವನ ತಮ್ಮನ ಮಾತು. ಇಲ್ಲಿ ಸಮಯದ ಲೆಕ್ಕ ಬಹಳ ಮುಖ್ಯ. 120 ದಿನಗಳ ನಂತರ ಶಿಶುವಿಗೆ ರೂಹ್ ಊದಲಾಗುತ್ತದೆಂಬುದು ಹದೀಸಿನ ಆಧಾರದಲ್ಲಿ ಬಹುತೇಕ ವಿದ್ವಾಂಸರ ಅಭಿಪ್ರಾಯ. ಆ ಬಳಿಕ ತಾಯಿಯ ಪ್ರಾಣಕ್ಕೇ ಅಪಾಯವಿದ್ದಾಗಲಲ್ಲದೆ ಗರ್ಭ ತೆಗೆಸುವಂತಿಲ್ಲ. ಅದಕ್ಕೆ ಮೊದಲಿನ ಕಾಲದ ಬಗ್ಗೆ ಫಿಕ್ಹ್ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಹನಫೀ ಪಂಡಿತರಲ್ಲಿ ಅನೇಕರು ಗಂಭೀರ ಕಾರಣವಿದ್ದರೆ ಅವಕಾಶ ಕೊಟ್ಟಿದ್ದಾರೆ. ಆದರೆ ಇಮಾಮ್ ಗಝಾಲಿಯವರಂಥವರು ಗರ್ಭ ಕಟ್ಟಿದ ಕ್ಷಣದಿಂದಲೇ ಅದನ್ನು ಕೆಡಿಸುವುದು ಅಪರಾಧ, ದಿನ ಕಳೆದಂತೆ ಅಪರಾಧ ದೊಡ್ಡದಾಗುತ್ತಾ ಹೋಗುತ್ತದೆ ಎಂದಿದ್ದಾರೆ. ಮಕ್ಕಾದ ಮುಸ್ಲಿಮ್ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿ 1990ರಲ್ಲಿ ಈ ವಿಷಯವನ್ನೇ ಕೈಗೆತ್ತಿಕೊಂಡು ಒಂದು ನಿರ್ಣಯಕ್ಕೆ ಬಂತು. 120 ದಿನಗಳೊಳಗೆ, ನಂಬಿಕಸ್ಥ ತಜ್ಞ ವೈದ್ಯರ ತಂಡವು ಶಿಶುವಿನಲ್ಲಿ ಗಂಭೀರವಾದ, ಚಿಕಿತ್ಸೆಯಿಲ್ಲದ, ಹುಟ್ಟಿದರೆ ಅದರ ಬದುಕನ್ನೇ ಯಾತನೆಯಾಗಿಸುವ ವಿರೂಪವಿದೆಯೆಂದು ಪರೀಕ್ಷೆಗಳಿಂದ ದೃಢಪಡಿಸಿದರೆ, ತಂದೆ ತಾಯಿಯರ ಕೋರಿಕೆಯ ಮೇರೆಗೆ ಅನುಮತಿಯಿದೆ ಎಂಬುದೇ ಅದರ ಸಾರ. ಇರಾನ್ ದೇಶದಲ್ಲಿ 2005ರಲ್ಲಿ ನಾಲ್ಕು ತಿಂಗಳೊಳಗಿನ ಇಂತಹ ಪ್ರಕರಣಗಳಿಗಾಗಿ ಕಾನೂನೇ ಬಂತು, ಅದರ ಹಿಂದೆ ಥಲಸ್ಸೀಮಿಯಾದ ಅನುಭವವಿತ್ತು.

ವೈದ್ಯರು ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ದಿನದಿಂದ. 120 ದಿನಗಳನ್ನು ಎಣಿಸುವುದು ಗರ್ಭ ಕಟ್ಟಿದಂದಿನಿಂದ. ಎರಡಕ್ಕೂ ಸುಮಾರು ಎರಡು ವಾರಗಳ ಅಂತರ. ಅಂದರೆ 120 ದಿನವೆಂಬುದು ವೈದ್ಯರ ಚೀಟಿಯಲ್ಲಿ ಸುಮಾರು 19 ವಾರ. ಅಂಗಾಂಗಗಳನ್ನು ನೋಡುವ ದೊಡ್ಡ ಸ್ಕ್ಯಾನಿಂಗ್ ನಡೆಯುವುದೇ 18ರಿಂದ 20 ವಾರದಲ್ಲಿ. ಅಲ್ಲಿ ಮೊದಲ ಬಾರಿಗೆ ಏನಾದರೂ ಕಂಡರೆ, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವಷ್ಟರಲ್ಲಿ ಆ ಗಡಿ ದಾಟಿರುತ್ತದೆ. ನಮ್ಮ ದೇಶದ ಕಾನೂನು 2021ರ ತಿದ್ದುಪಡಿಯ ನಂತರ, ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರದ ನಂತರವೂ ಗರ್ಭಪಾತಕ್ಕೆ ಅವಕಾಶ ನೀಡುತ್ತದೆ. ಕಾನೂನಿನಲ್ಲಿ ಅವಕಾಶವಿದೆ ಎಂದ ಮಾತ್ರಕ್ಕೆ ದೀನ್‌ನಲ್ಲಿಯೂ ಇದೆಯೆಂದು ತಿಳಿಯುವಂತಿಲ್ಲ. ಆದುದರಿಂದ ಮುಫ್ತಿಗಳ ಬಳಿ ಹೋಗುವವರು ‘ಮಗು ಸರಿಯಿಲ್ಲವಂತೆ, ಏನು ಮಾಡೋಣ?’ ಎಂದಷ್ಟೇ ಕೇಳಿದರೆ ಸಾಲದು. ಎಷ್ಟನೆಯ ವಾರ, ಯಾವ ರೋಗ, ಅದು ಖಚಿತವೋ ಬರೀ ಸಾಧ್ಯತೆಯೋ, ಚಿಕಿತ್ಸೆ ಏನಿದೆ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಹೋಗಬೇಕು. ಅರ್ಧ ಪ್ರಶ್ನೆ ಕೇಳಿ ಪಡೆದ ಫತ್ವಾದ ಹೊಣೆ ಕೇಳಿದವರ ಮೇಲೆಯೇ ಇರುತ್ತದೆ.

ಈ ಅನುಮತಿಯನ್ನು ಎಷ್ಟು ಹಿಗ್ಗಿಸಬಹುದು? ನನ್ನ ಅಭಿಪ್ರಾಯದಲ್ಲಿ ಬಹಳ ಕಡಿಮೆ. ತಲೆಬುರುಡೆಯೇ ಬೆಳೆಯದ, ಹುಟ್ಟಿ ಕೆಲವೇ ಗಂಟೆಗಳಲ್ಲಿ ತೀರಿಕೊಳ್ಳುವ ಮಗು ಒಂದು. ಡೌನ್ ಸಿಂಡ್ರೋಮ್ ಇರುವ ಮಗು ಇನ್ನೊಂದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪಲಾರೆ. ಡೌನ್ ಸಿಂಡ್ರೋಮ್ ಇರುವ ಮಗು ನಿಧಾನವಾಗಿ ಕಲಿಯುತ್ತದೆ, ಆದರೆ ನಗುತ್ತದೆ, ತಂದೆಯ ಪಕ್ಕದಲ್ಲಿ ನಮಾಝಿಗೆ ನಿಲ್ಲುತ್ತದೆ, ಅಂಗಡಿಯಲ್ಲಿ ಬಟ್ಟೆ ಮಡಚಿಡುತ್ತದೆ. ಅದರ ಬದುಕು ಯಾತನೆಯೆಂದು ನಾವು ಹೇಳುವಾಗ ಎಷ್ಟೋ ಸಲ ನಮ್ಮ ಮುಜುಗರವನ್ನೇ ಅದರ ಯಾತನೆಯೆಂದು ಕರೆದಿರುತ್ತೇವೆ. ಕುರುಡರಾಗಿದ್ದ ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮ್(ರ) ಅವರು ಪ್ರವಾದಿಯವರ(ಸ) ಮುಅದ್ದಿನ್ ಆಗಿದ್ದರು. ಪ್ರವಾದಿ(ಸ) ಊರಲ್ಲಿಲ್ಲದಾಗ ಮದೀನಾದಲ್ಲಿ ಅವರ ಪ್ರತಿನಿಧಿಯಾಗಿಯೂ ಇದ್ದರು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಪಾಠವಿದೆ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದ ಹೆಸರನ್ನು ಹೊತ್ತ ಒಂದು ಕಾಯಿಲೆ 1970ರ ದಶಕದ ಮಧ್ಯದಲ್ಲಿ ವೈದ್ಯರ ಗಮನಕ್ಕೆ ಬಂತು. ಸೊಂಟದ, ಮೊಣಕಾಲಿನ ಕೀಲುಗಳು ಸವೆದು ನಡಿಗೆಯೇ ಕಷ್ಟವಾಗುತ್ತದೆ, ಕೆಲವರು ಕುಳ್ಳಾಗಿ ಉಳಿಯುತ್ತಾರೆ. ಕೀಟನಾಶಕ ಬಿದ್ದ ಗದ್ದೆಗಳ ಏಡಿ ತಿಂದದ್ದೇ ಕಾರಣವಿರಬಹುದೆಂದು ಮೊದಲು ಶಂಕಿಸಿದರು. ಆಮೇಲೆ ಅದು ವಂಶವಾಹಿಯದ್ದು, ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಎರಡರಲ್ಲೊಂದು ಸಾಧ್ಯತೆಯೆಂದು ತಿಳಿಯಿತು. ಹೆಚ್ಚಾಗಿ ಬಡ ದಲಿತ ಕುಟುಂಬಗಳು. ನೋವಿದ್ದೇ ದುಡಿದವರು, ಮದುವೆಯಾದವರು, ಮಕ್ಕಳನ್ನು ಬೆಳೆಸಿದವರು ಅವರಲ್ಲಿದ್ದಾರೆ. ಇಂಥವರು ಹುಟ್ಟದಿದ್ದರೇ ಚೆನ್ನಾಗಿತ್ತು ಎಂಬ ಮಾತನ್ನು ಅವರ ಅಂಗಳದಲ್ಲಿ ನಿಂತು ಹೇಳುವ ಅಧಿಕಾರ ನಮಗೆ ಯಾರಿಗಿದೆ?

ಗಾಂಧಿ ಬಜಾರಿನ ಮನೆಯಲ್ಲೂ ಹಾಗೆ ಕೇಳಿಸಿಕೊಳ್ಳುತ್ತಿರುವವನು ಒಬ್ಬನಿದ್ದಾನೆ, ಆ ಐದು ವರ್ಷದ ಹುಡುಗ. ‘ಇದ್ದರೆ ತೆಗೆಸಿಬಿಡಿ’ ಎಂದು ಅಜ್ಜನ ತಮ್ಮ ಗಟ್ಟಿಯಾಗಿ ಹೇಳುವಾಗ ಅವನು ಅದೇ ಕೋಣೆಯಲ್ಲಿ ಆಡುತ್ತಿದ್ದಾನೆ. ‘ಇದು’ ಎಂದರೆ ತನ್ನಲ್ಲಿರುವ ರೋಗವೇ ಎಂದು ಅವನಿಗೆ ಇಂದಲ್ಲ ನಾಳೆ ಅರ್ಥವಾಗುತ್ತದೆ. ಈ ದಂಪತಿ ಪರೀಕ್ಷೆ ಮಾಡಿಸಬಾರದೆಂದು ಇದಕ್ಕಾಗಿ ನಾನು ಹೇಳುತ್ತಿಲ್ಲ. ರಕ್ತಕ್ಕಾಗಿ ಅಲೆದು, ಮಗುವಿನ ಕೈಯಲ್ಲಿ ನರ ಸಿಗದೆ ಚುಚ್ಚಿದ್ದೇ ಚುಚ್ಚುವುದನ್ನು ನೋಡಿದ ತಾಯಿ, ಇನ್ನೊಂದು ಮಗುವನ್ನೂ ಆ ಹಾಸಿಗೆಯ ಮೇಲೆ ನೋಡಲಾರೆ ಎಂದರೆ ಅದು ಸ್ವಾರ್ಥವಲ್ಲ. ಈ ಮನೆಯವರ ಮಟ್ಟಿಗೆ ಪರೀಕ್ಷೆ ಮಾಡಿಸುವುದೇ ಮೇಲೆಂದು ನನಗೆ ತೋರುತ್ತದೆ. ನಾಲ್ಕರಲ್ಲಿ ಮೂರು ಸಲ ಅದು ಶುಭವಾರ್ತೆಯನ್ನೇ ತರುತ್ತದೆ, ತಾಯಿ ಉಳಿದ ತಿಂಗಳುಗಳನ್ನು ಭಯವಿಲ್ಲದೆ ಕಳೆಯುತ್ತಾಳೆ. ಆದರೆ ನಾಲ್ಕನೆಯ ಉತ್ತರ ಬಂದರೆ ಏನು ಮಾಡುತ್ತೇವೆ ಎಂಬುದನ್ನು ಗಂಡ ಹೆಂಡತಿ ಸೂಜಿ ಚುಚ್ಚುವ ಮೊದಲೇ, ಬಾಗಿಲು ಹಾಕಿಕೊಂಡು, ದೊಡ್ಡ ಮಗನ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿರಬೇಕು. ಏನೇ ಬಂದರೂ ಮಗುವನ್ನು ಹೆರುತ್ತೇವೆ ಎಂಬ ನಿಶ್ಚಯವಿರುವವರಿಗೂ ಪರೀಕ್ಷೆ ವ್ಯರ್ಥವಲ್ಲ: ಎಲ್ಲಿ ಹೆರಿಗೆ, ಮುಂದಿನ ಚಿಕಿತ್ಸೆ ಹೇಗೆ ಎಂದು ಸಿದ್ಧರಾಗಬಹುದು. ಸೂಜಿಯ ಅಪಾಯವೇ ಬೇಡ, ಹುಟ್ಟಿದ ಮೇಲೆ ನೋಡೋಣ ಎಂದು ನಿರಾಕರಿಸುವವರನ್ನೂ ಯಾರೂ ಹಂಗಿಸಬಾರದು.

ತೀರ್ಮಾನ ಯಾರದು? 1994ರಲ್ಲಿ ಬಂದ ಪ್ರಸವಪೂರ್ವ ಪರೀಕ್ಷೆಗಳ ಕಾಯ್ದೆಯ ಪ್ರಕಾರ, ಇಂತಹ ಪರೀಕ್ಷೆಯ ಅಡ್ಡಪರಿಣಾಮಗಳನ್ನು ಗರ್ಭಿಣಿಗೆ ವಿವರಿಸಬೇಕು, ಆಕೆಗೆ ತಿಳಿಯುವ ಭಾಷೆಯಲ್ಲಿ ಆಕೆಯ ಲಿಖಿತ ಒಪ್ಪಿಗೆ ಪಡೆಯಬೇಕು. ಗಂಡನಾಗಲಿ ಬಂಧುಗಳಾಗಲಿ ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಆಕೆಯನ್ನು ಪರೀಕ್ಷೆಗೆ ಪ್ರೇರೇಪಿಸುವುದೂ ಅಪರಾಧ. ಈ ಕಾಯ್ದೆ ಬಂದದ್ದೇ ಹೆಣ್ಣುಭ್ರೂಣಗಳನ್ನು ಉಳಿಸಲು. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು, ಯಾವ ಪಾಪಕ್ಕಾಗಿ ನಿನ್ನನ್ನು ಕೊಲ್ಲಲಾಯಿತೆಂದು ಕೇಳಲಾಗುವ ದಿನದ ಬಗ್ಗೆ ಕುರ್‌ಆನ್ ಎಚ್ಚರಿಸಿರುವಾಗ, ‘ಗಂಡೋ ಹೆಣ್ಣೋ ಹಾಗೇ ತಿಳಿಸಿಬಿಡಿ’ ಎಂದು ಸ್ಕ್ಯಾನಿಂಗ್ ಕೋಣೆಯಲ್ಲಿ ಪಿಸುಗುಟ್ಟುವವರು ನಮ್ಮಲ್ಲೂ ಇದ್ದಾರೆಂಬುದು ನಾಚಿಕೆಗೇಡು. ಸೂಜಿ ಇಳಿಯುವುದು ಆಕೆಯ ಹೊಟ್ಟೆಗೆ. ಹಿರಿಯರು ಸಲಹೆ ಕೊಡಲಿ, ಗಂಡ ಹೆಂಡತಿ ಇಸ್ತಿಖಾರದ ನಮಾಝ್ ಮಾಡಲಿ, ಆದರೆ ಮೊದಲು ಆಕೆಯ ಬಾಯಿಂದ ಮಾತು ಬರಲಿ.

ತಡಮಾಡುವುದರಿಂದ ಮಾತ್ರ ಯಾರಿಗೂ ಲಾಭವಿಲ್ಲ. ಥಲಸ್ಸೀಮಿಯಾದ ಪರೀಕ್ಷೆಗೆ ಮೊದಲು ತಂದೆ ತಾಯಿಯರ ಜೀನಿನಲ್ಲಿ ಯಾವ ದೋಷವಿದೆಯೆಂದು ತಿಳಿದಿರಬೇಕು, ಅದಕ್ಕೇ ಕೆಲವು ವಾರಗಳು ಬೇಕಾದಾವು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್, ದೊಡ್ಡ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಿಬರುವ ಏರ್ಪಾಡೂ ಆಗಬೇಕು. ಅದಕ್ಕಿಂತ ಸುಲಭದ ದಾರಿಯೊಂದಿದೆ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಈ ರೋಗದ ವಾಹಕರು, ತಾವು ವಾಹಕರೆಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಸೋದರ ಸಂಬಂಧದ ಮದುವೆ ನಮಗೆ ಅನುಮತಿಸಲ್ಪಟ್ಟದ್ದು, ಆಜ್ಞಾಪಿಸಲ್ಪಟ್ಟದ್ದಲ್ಲ. ಸೌದಿ ಅರೇಬಿಯಾದಲ್ಲಿ 2004ರಿಂದ ನಿಕಾಹ್‌ಗೆ ಮುನ್ನ ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಪರೀಕ್ಷೆ ಕಡ್ಡಾಯ. ಗಾಂಧಿ ಬಜಾರಿನ ಆ ಗಂಡನಿಗೆ ತಮ್ಮನೊಬ್ಬನಿದ್ದಾನೆಂದುಕೊಳ್ಳೋಣ, ಅವನಿಗೂ ಕುಟುಂಬದೊಳಗೇ ಹುಡುಗಿ ನೋಡುತ್ತಿದ್ದಾರೆ. ನಿಶ್ಚಿತಾರ್ಥಕ್ಕೆ ಮೊದಲು ಅವನ ಮತ್ತು ಆ ಹುಡುಗಿಯ ರಕ್ತವನ್ನು ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಗೆ ಕೊಡಬಹುದು. ಅದಕ್ಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದೂ ಇಲ್ಲ.