ಆಹಾರಶುದ್ಧಿಯೂ ಅನ್ನನಿಂದೆಯೂ

ತಾನು ಉಣ್ಣದ ಅನ್ನವನ್ನು ಹಳಿಯುವ ಅಧಿಕಾರವು ಮನುಷ್ಯನಿಗೆ ಉಂಟೇ? ಪ್ರಶ್ನೆಯು ಅಡುಗೆಮನೆಯದೆಂದು ತೋರಿದರೂ ಧರ್ಮವಿಚಾರಕ್ಕೆ ಸೇರಿದುದು. ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಂತೂ ಇದು ನಿತ್ಯವೂ ಎದುರು ನಿಲ್ಲುವ ಪ್ರಶ್ನೆ.

ಆ ಸೀಮೆಯ ಹಳ್ಳಿಗಳ ಊಟವು ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಗಣಿಕೆಲಸವನ್ನು ಕೈಗೊಂಡ ಬಳಿಕ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಕೂಲಿಗಾರರು ಬಂದು ನೆಲೆಸಿದರು. ಅವರೊಡನೆ ಕರುವಾಡೆಂಬ ಒಣಮೀನಿನ ಸಾರೂ ಬಂದಿತು. ಆಂಗ್ಲೋ-ಇಂಡಿಯನ್ನರ ಮನೆಗಳಲ್ಲಿ ಕಾಯಿಹಾಲಿನ ಅನ್ನವೂ ಮಾಂಸದುಂಡೆಯ ಸಾರೂ ಬೆಂದವು. ಈರುಳ್ಳಿಯನ್ನೂ ಮುಟ್ಟದ ಮನೆಗಳೂ ಅಲ್ಲಿದ್ದುವು. ಒಗ್ಗರಣೆಯ ಗಾಳಿಯು ಯಾರ ಅಪ್ಪಣೆಯನ್ನೂ ಕೇಳಿ ಗೋಡೆ ದಾಟುವುದಿಲ್ಲವಷ್ಟೆ.

2001ನೆಯ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಅಲ್ಲಿಯ ಅನೇಕರ ಜೀವನವು ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲನ್ನು ನೆಚ್ಚಿದೆ. ಅವರೊಡನೆ ಬುತ್ತಿಯೂ ಪಯಣಿಸುತ್ತದೆ. ನಡುಹಗಲಲ್ಲಿ ಡಬ್ಬಿಯನ್ನು ತೆರೆದಾಗ ಪಕ್ಕದಲ್ಲಿ ಕುಳಿತವನು ಮೂಗು ಮುಚ್ಚಿಕೊಂಡರೆ, ಮರುದಿನ ಆ ದುಡಿಮೆಗಾರನು ಬುತ್ತಿಯನ್ನು ಮನೆಯಲ್ಲೇ ಬಿಟ್ಟುಬರುವನು. ಶಾಲೆಯಲ್ಲಿ ಕೂಸು ಡಬ್ಬಿಯ ಮುಚ್ಚಳವನ್ನೇ ತೆರೆಯದು. ಹಸಿವಿನ ಮೇಲೆ ನಾಚಿಕೆಯನ್ನು ಹೇರುವುದಕ್ಕಿಂತ ಹೆಚ್ಚಿನ ಹಿಂಸೆ ಯಾವುದು?

ಆಹಾರಶುದ್ಧಿಯು ಶಾಸ್ತ್ರಸಮ್ಮತವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಅಹುದು, ಆಹಾರವು ಶುದ್ಧವಾದರೆ ಅಂತಃಕರಣವು ಶುದ್ಧವಾಗುವುದೆಂದು ಛಾಂದೋಗ್ಯವು ಹೇಳುತ್ತದೆ. ಶ್ರೀರಾಮಾನುಜರು ಇದನ್ನು ಉಣ್ಣುವ ಅನ್ನದ ವಿಷಯವಾಗಿ ಗ್ರಹಿಸಿದರು. ಆದರೆ ಆ ನಿಯಮವು ಉಣ್ಣುವವನಿಗೆ ವಿಧಿಸಿದುದೇ ಹೊರತು ನೆರೆಯವನ ತಟ್ಟೆಯನ್ನು ತೂಗಲೆಂದು ಕೊಟ್ಟ ತಕ್ಕಡಿಯಲ್ಲ. ಶ್ರೀಶಂಕರರಾದರೋ ಆಹಾರವೆಂದರೆ ಇಂದ್ರಿಯಗಳ ಮೂಲಕ ಒಳಗೆ ಬರುವ ಶಬ್ದಾದಿ ವಿಷಯಗಳ ಅರಿವೆಂದು ವಿವರಿಸಿದರು. ರಾಗದ್ವೇಷಗಳಿಲ್ಲದ ಅರಿವೇ ಅವರ ಮತದಲ್ಲಿ ಶುದ್ಧಾಹಾರ. ಅಂದಮೇಲೆ ಪರರ ಅನ್ನವನ್ನು ಕಂಡು ಹೇಸುವವನು ಆ ಕ್ಷಣದಲ್ಲಿಯೇ ಅಶುದ್ಧವಾದುದನ್ನು ಉಂಡಂತಾಗಲಿಲ್ಲವೇ? ತೈತ್ತಿರೀಯವು ಅನ್ನವನ್ನು ನಿಂದಿಸಬಾರದೆಂಬುದನ್ನು ವ್ರತವೆಂದೇ ಕರೆದಿದೆ. ಅಲ್ಲಿ ಇಂಥವರ ಅನ್ನವೆಂಬ ವಿಶೇಷಣವಿಲ್ಲ.

ನಿಯಮವೂ ಔದಾರ್ಯವೂ ಒಂದೇ ಮನೆಯಲ್ಲಿ ಬಾಳಬಲ್ಲುವೆಂಬುದಕ್ಕೆ ದೂರದ ವಿಯೆಟ್ನಾಂ ದೇಶವನ್ನು ನೋಡಬಹುದು. ಅಲ್ಲಿಯವರು ಸಣ್ಣಮೀನನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಹುಳಿಸಿ ಅದರ ರಸವನ್ನು ಇಳಿಸುತ್ತಾರೆ. ಹೊಸಬರಿಗೆ ಅದರ ವಾಸನೆಯು ಕಟುವಾದುದು. ಆ ರಸದ ಬಟ್ಟಲನ್ನು ನಡುವೆ ಇರಿಸಿ ಮನೆಮಂದಿಯೆಲ್ಲ ಸುತ್ತ ಕುಳಿತು ಅನ್ನ ಉಣ್ಣುವರು. ಕಿರಿಯರು ಮೊದಲು ಹಿರಿಯರನ್ನು ಊಟಕ್ಕೆ ಕರೆದು ಬಳಿಕ ತಾವು ಆರಂಭಿಸುವುದು ಅಲ್ಲಿಯ ಸಂಪ್ರದಾಯ. ಬೌದ್ಧಾಚಾರವುಳ್ಳ ಅನೇಕರು ಚಾಂದ್ರಮಾಸದ 1ನೆಯ ಮತ್ತು 15ನೆಯ ದಿನಗಳಲ್ಲಿ ಮೀನುಮಾಂಸಗಳನ್ನು ತೊರೆಯುತ್ತಾರೆ. ನಿನ್ನೆ ತಾನೇ ಉಂಡುದನ್ನು ಇಂದು ಬಿಟ್ಟವನು ಉಣ್ಣುವವನನ್ನು ಯಾವ ಬಾಯಿಂದ ಹೀಗಳೆದಾನು?

ಎಲ್ಲರೂ ಎಲ್ಲವನ್ನೂ ಉಣ್ಣಬೇಕೆಂಬುದು ಈ ವಾದದ ತಾತ್ಪರ್ಯವಲ್ಲ. ಬೇಡವೆನ್ನುವುದು ಸಂಯಮ, ಛೀ ಎನ್ನುವುದು ಅಹಂಕಾರ. ಬಂಗಾರಪೇಟೆಯ ಪಾನಿಪುರಿಯ ಗಾಡಿಯ ಮುಂದೆ ಒಂದೇ ಪಾತ್ರೆಯ ನೀರಿಗೆ ಕೈಯೊಡ್ಡಿ ನಿಂತವರು ಪರಸ್ಪರರ ಮನೆಯ ಅಡುಗೆಯನ್ನು ವಿಚಾರಿಸುವುದಿಲ್ಲ. ಬೀದಿಯಲ್ಲಿ ಸಾಧ್ಯವಾದ ಆ ಮರ್ಯಾದೆಯನ್ನು ಕಚೇರಿಗೂ ಶಾಲೆಗೂ ಕೊಂಡೊಯ್ಯುವುದು ವಿದ್ಯಾವಂತರಿಗೆ ಕಠಿನವಾಗಬಾರದು. ತನ್ನ ವ್ರತವು ತನ್ನ ಎಲೆಯ ಅಂಚಿನವರೆಗೆ. ಅದರಾಚೆಗಿರುವುದು ಇನ್ನೊಬ್ಬನ ಹಸಿವು.