ಚಂದ್ರನಿಗೆ ಬಂದ ಕ್ಷಯ

ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡ. ಉಳಿದವರು ತವರಿಗೆ ಹೋಗಿ ಅತ್ತರು. ಮಾವ ಶಾಪ ಕೊಟ್ಟ, ಅಳಿಯನಿಗೆ ಕ್ಷಯ ಹಿಡಿಯಿತು. ಆಯುರ್ವೇದದಲ್ಲಿ ಈ ರೋಗಕ್ಕೆ ರಾಜಯಕ್ಷ್ಮ ಎಂಬ ಹೆಸರು ಬಂದದ್ದು ಅದರ ಮೊದಲ ರೋಗಿಯಾದ ಈ ನಕ್ಷತ್ರಗಳ ರಾಜನಿಂದಲೇ ಎಂದು ಹೇಳುತ್ತಾರೆ. ದಿನಕ್ಕೊಂದು ಕಲೆ ಕಳೆದುಕೊಳ್ಳುವ ಚಂದ್ರನನ್ನೂ ಕೆಮ್ಮಿ ಕೆಮ್ಮಿ ಸೊರಗುವ ಮನುಷ್ಯನನ್ನೂ ಒಂದೇ ಮಾತಿನಲ್ಲಿ ಹಿಡಿದ ಆ ಕಲ್ಪನೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಶಾಪವಾದರೂ ಅರ್ಧಕ್ಕೆ ಇಳಿಯಿತು: ಹದಿನೈದು ದಿನ ಕರಗು, ಹದಿನೈದು ದಿನ ತುಂಬಿಕೋ. ಹಳೆಯ ಕಾಲದ ರೋಗಿಗೆ ಈ ಹುಣ್ಣಿಮೆ ಎಷ್ಟು ಆಸರೆ ಕೊಟ್ಟಿರಬಹುದು!

ಆದರೂ ಈ ಕಥೆಯನ್ನು ಹಾಸಿಗೆ ಹಿಡಿದವನ ಪಕ್ಕದಲ್ಲಿ ಕುಳಿತು ಹೇಳಲು ನನಗೆ ಮನಸ್ಸು ಬಾರದು. ತಪ್ಪು ಮಾಡಿದ್ದಕ್ಕೆ ರೋಗ ಬಂತು ಎಂದು ಅದು ಹೇಳುತ್ತದೆ. ನಮ್ಮ ಮನೆಗಳಲ್ಲಿ ರೋಗಿಯನ್ನು ನೋಡಲು ಬಂದವರು ಕಿತ್ತಳೆ ಹಣ್ಣಿನ ಚೀಲದ ಜೊತೆ ಇಂಥದ್ದೇ ಒಂದು ಕಥೆಯನ್ನೂ ತರುತ್ತಾರೆ. ಯಾವ ಜನ್ಮದ ಕರ್ಮವೋ, ಯಾರ ಕಣ್ಣು ತಾಗಿತೋ, ಹೊತ್ತಿಗೆ ಸರಿಯಾಗಿ ಉಂಡಿದ್ದರೆ ಹೀಗಾಗುತ್ತಿತ್ತೇ. ಹೇಳುವವರಲ್ಲಿ ಕೇಡಿನ ಬುದ್ಧಿಯಿಲ್ಲ. ಕಾರಣ ಕಾಣದ ನೋವು ನೋಡುವವರನ್ನೂ ಹೆದರಿಸುತ್ತದೆ, ಅದಕ್ಕೇ ಅವರು ಕಾರಣವೊಂದನ್ನು ಹುಡುಕಿ ರೋಗಿಯ ಕೈಗಿಡುತ್ತಾರೆ. ರೋಗದ ಭಾರದ ಮೇಲೆ ಅಪರಾಧದ ಭಾರವೂ ಸೇರುತ್ತದೆ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ಸೂಕ್ಷ್ಮಾಣುವನ್ನು ಕಂಡುಹಿಡಿದದ್ದಾಗಿ ಪ್ರಕಟಿಸಿದ. ಔಷಧ ಮಾತ್ರ ಆಗ ಸಿಗಲಿಲ್ಲ. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ನಡುವಿನ ಅರವತ್ತು ವರ್ಷ ವಿಜ್ಞಾನದ ಕೈಯಲ್ಲಿ ಈ ರೋಗವನ್ನು ಕೊಲ್ಲುವ ಮದ್ದಿರಲಿಲ್ಲ. ಆದರೂ ಕಾಖ್ ಹೇಳಿದ ಸತ್ಯ ಬಹಳ ದೊಡ್ಡದು: ಒಂದು ಕಡ್ಡಿಯಾಕಾರದ ಜೀವಿ ಪುಪ್ಪುಸ ಹೊಕ್ಕಿದೆ, ಅದಕ್ಕೆ ನಿನ್ನ ಪಾಪಪುಣ್ಯದ ಲೆಕ್ಕ ಗೊತ್ತಿಲ್ಲ. ಮದ್ದಿಗಿಂತ ಮೊದಲು ವಿಜ್ಞಾನ ಕೊಟ್ಟದ್ದು ಈ ಬಿಡುಗಡೆಯನ್ನು. ವಿಜ್ಞಾನ ಶುಷ್ಕ, ಕಥೆ ಕರುಣಾಳು ಎಂದು ಸಾಹಿತಿಗಳು ಹೇಳುವಾಗ ನನಗೆ ಈ ಅರವತ್ತು ವರ್ಷ ನೆನಪಾಗುತ್ತದೆ. ಇಲ್ಲಿ ಕ್ರೂರವಾಗಿದ್ದದ್ದು ಕಥೆ, ಕರುಣೆ ಬಂದದ್ದು ಸೂಕ್ಷ್ಮದರ್ಶಕದಿಂದ.

ಆದರೆ ಶಾಪ ಎದ್ದುಹೋದ ಜಾಗ ಖಾಲಿ ಉಳಿಯುತ್ತದೆ. ರೋಗ ಹೇಗೆ ಬಂತೆಂದು ತಿಳಿದ ಮೇಲೂ ನನಗೇ ಏಕೆ ಬಂತು ಎಂಬ ಪ್ರಶ್ನೆ ರಾತ್ರಿಯೆಲ್ಲ ಎಚ್ಚರವಿರುತ್ತದೆ. ಅದಕ್ಕೆ ಉತ್ತರವಿಲ್ಲ, ಉತ್ತರ ಕಟ್ಟಿಕೊಡುವುದು ಕಾದಂಬರಿಕಾರನ ಕೆಲಸವೂ ಆಗಬಾರದು ಎನ್ನುವುದು ನನ್ನ ನಿಲುವು. ಅವನಿಂದ ಆಗುವುದು ಬೇರೆಯದು. ರೋಗಿಯ ಲೋಕ ಮಂಚದಷ್ಟಕ್ಕೆ ಕುಗ್ಗುತ್ತದೆ. ಆ ಮಂಚದ ಮೇಲಿಂದಲೇ ಅನೇಕರ ಬದುಕಿನೊಳಗೆ ಹೆಜ್ಜೆಯಿಡಲು ಅವನು ದಾರಿ ಮಾಡಬಲ್ಲ.

ರಷ್ಯದ ಕಥೆಗಾರ ಚೆಕಾಫ್ 1884ರಲ್ಲಿ ವೈದ್ಯನಾದ, ಅದೇ ವರ್ಷದ ಕೊನೆಗೆ ಅವನ ಕೆಮ್ಮಿನಲ್ಲಿ ರಕ್ತ ಬಂತು. 1890ರಲ್ಲಿ, ಸೈಬೀರಿಯಾವನ್ನು ದಾಟುವ ರೈಲುದಾರಿ ಇಲ್ಲದ ಕಾಲದಲ್ಲಿ, ಅವನು ಗಾಡಿ, ದೋಣಿ, ಹಡಗು ಹಿಡಿದು ಸಖಾಲಿನ್ ದ್ವೀಪಕ್ಕೆ ಹೋದ. ಅದು ಕೈದಿಗಳನ್ನು ಗಡಿಪಾರು ಮಾಡುತ್ತಿದ್ದ ನೆಲ. ಸುಮಾರು ಮೂರು ತಿಂಗಳು ಮನೆಮನೆ ತಿರುಗಿ, ಕಂಡ ಒಬ್ಬೊಬ್ಬರ ಹೆಸರು, ವಯಸ್ಸು, ಊರುಗಳನ್ನು ಅಚ್ಚುಹಾಕಿಸಿದ ಕಾರ್ಡುಗಳಲ್ಲಿ ಬರೆದುಕೊಂಡ. ಅಂಥ ಕಾರ್ಡುಗಳು ಸಾವಿರಗಟ್ಟಲೆ. ಸಣ್ಣಕಥೆಯ ಆ ಮಹಾಗುರು ಜನಗಣತಿಯ ಗುಮಾಸ್ತನಂತೆ ಬಾಗಿಲು ತಟ್ಟುತ್ತ ಹೋದದ್ದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ. ಕೇಳುವ ಪ್ರತಿ ಪ್ರಶ್ನೆಯೂ ಎದುರಿಗಿದ್ದವನು ಇನ್ನೂ ಒಬ್ಬ ವ್ಯಕ್ತಿ ಎಂದು ಒಪ್ಪಿಕೊಂಡಂತಿತ್ತು.

ನಮ್ಮಲ್ಲೂ ಇಂಥ ಒಬ್ಬರಿದ್ದರು. ಕುಳಕುಂದ ಶಿವರಾಯ, ಅಂದರೆ ನಿರಂಜನ. ಓದಿದ ನೀಲೇಶ್ವರದ ಸೀಮೆಯಲ್ಲೇ ನಡೆದ ಕಯ್ಯೂರಿನ ರೈತರ ಹೋರಾಟವನ್ನೂ 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ಅವರು ‘ಚಿರಸ್ಮರಣೆ’ಯಲ್ಲಿ ಉಳಿಸಿದರು. ಕೊಡಗಿನ ದಂಗೆಯ ಚರಿತ್ರೆಗೂ ಕಾದಂಬರಿಯ ಉಸಿರು ಕೊಟ್ಟರು. ಎಪ್ಪತ್ತರ ದಶಕದ ಆರಂಭದಲ್ಲಿ, ಕಿರಿಯರಿಗಾಗಿ ‘ಜ್ಞಾನಗಂಗೋತ್ರಿ’ ವಿಶ್ವಕೋಶದ ಏಳು ಸಂಪುಟಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ, ಅವರಿಗೆ ಪಾರ್ಶ್ವವಾಯು ಬಡಿಯಿತು.

ಈ ಹೆಸರಿನೊಳಗೂ ಒಂದು ಹಳೆಯ ಕಥೆ ಕೂತಿದೆ, ವಾಯು ಕೆರಳಿ ಒಂದು ಮಗ್ಗುಲನ್ನು ಹಿಡಿಯಿತು ಎಂದು. ಇಂದು ನಮಗೆ ಗೊತ್ತಿರುವಂತೆ, ಮಿದುಳಿನ ಒಂದು ಭಾಗಕ್ಕೆ ರಕ್ತ ನಿಲ್ಲುತ್ತದೆ, ಇಲ್ಲವೇ ರಕ್ತನಾಳ ಒಡೆಯುತ್ತದೆ. ಅಲ್ಲಿನ ಜೀವಕೋಶಗಳು ನಿಮಿಷ ನಿಮಿಷಕ್ಕೂ ಸಾಯುತ್ತವೆ. ನರಗಳು ಅಡ್ಡಹಾಯ್ದು ಇಳಿಯುವುದರಿಂದ ಎದುರು ಬದಿಯ ಕೈಕಾಲು ಮಾತು ಕೇಳದಾಗುತ್ತವೆ. ಊರೂರು ಅಲೆದು ಬರೆದ ಮನುಷ್ಯನಿಗೆ ಇದು ಬಂತು.

ಆಮೇಲೆ ಅವರು ಬರೆದ ದೊಡ್ಡ ಕಾದಂಬರಿ 1976ರ ‘ಮೃತ್ಯುಂಜಯ’. ಅದು ಸಾವಿರಾರು ವರ್ಷ ಹಿಂದಿನ ಈಜಿಪ್ಟಿನಲ್ಲಿ ದೊರೆತನದ ವಿರುದ್ಧ ಎದ್ದುನಿಂತ ಸಾಮಾನ್ಯರ ಕಥೆ. ಆ ಹೆಸರನ್ನು ಕನ್ನಡದ ಕಿವಿಯಿಂದ ಕೇಳಿನೋಡಿ. ನಮ್ಮಲ್ಲಿ ಕಾಯಿಲೆ ಕೈಮೀರಿದಾಗ ಮೃತ್ಯುಂಜಯ ಜಪ ಮಾಡಿಸುತ್ತಾರೆ, ಹೋಮ ಮಾಡಿಸುತ್ತಾರೆ. ಒಬ್ಬನ ಆಯುಷ್ಯಕ್ಕಾಗಿ ಬೇಡುವ ಆ ಪದವನ್ನು ನಿರಂಜನರು ಒಂದು ಜನಸಮೂಹದ ಎದೆಗಾರಿಕೆಗೆ ತೊಡಿಸಿದರು. ನೈಲ್ ನದಿಯ ದಂಡೆಗೆ ಹೋಗಲು ಕಾಲು ಬೇಕಾಗಲಿಲ್ಲ, ಚರಿತ್ರೆ ಬೇಕಾಯಿತು. ಮುಂದೆ ‘ವಿಶ್ವಕಥಾಕೋಶ’ದ ಇಪ್ಪತ್ತೈದು ಸಂಪುಟಗಳ ಸಂಪಾದಕರಾಗಿ ಅವರು ಲೋಕದ ದೇಶದೇಶಗಳ ಕಥೆಗಳನ್ನು ಕನ್ನಡಕ್ಕೆ ಕರೆಸಿಕೊಂಡರು.

ಇದು ಸ್ವಂತ ದೇಹದಿಂದ ತಪ್ಪಿಸಿಕೊಂಡ ಹಾಗಾಗಲಿಲ್ಲವೇ ಎಂದು ಕೇಳಬಹುದು. ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಜನಸಮೂಹದ ಕಥೆ ಎಷ್ಟೇ ಉನ್ನತವಾಗಿದ್ದರೂ, ಒಂದು ಮೈಯ ನಸುಕಿನ ನೋವು ಅದರಲ್ಲಿ ಕಾಣದೇ ಹೋಗಬಹುದು. ಅದನ್ನೂ ಯಾರಾದರೂ ಬರೆಯಲೇಬೇಕು.

ಆ ಮನೆಯಲ್ಲೇ ಅದನ್ನು ಬರೆಯಬಲ್ಲವರಿದ್ದರು. ನಿರಂಜನರ ಪತ್ನಿ ಅನುಪಮಾ ನಿರಂಜನ ವೈದ್ಯೆ, ಕಾದಂಬರಿಗಾರ್ತಿ. ನಾಚಿಕೆಯ, ಮೈಲಿಗೆಯ, ದೃಷ್ಟಿದೋಷದ ಕಥೆಗಳಲ್ಲಿ ಸಿಕ್ಕಿಕೊಂಡಿದ್ದ ಹೆಣ್ಣಿನ ದೇಹವನ್ನು ‘ತಾಯಿ ಮಗು’, ‘ಕೇಳು ಕಿಶೋರಿ’ಗಳಲ್ಲಿ ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದರು. ಕಾಖ್ ಪ್ರಯೋಗಶಾಲೆಯಲ್ಲಿ ಮಾಡಿದ್ದನ್ನು ಈಕೆ ಅಡುಗೆಮನೆಯ ಕಟ್ಟೆಗೂ ತಲುಪುವ ಮಾತಿನಲ್ಲಿ ಮಾಡಿದರು. ಇದನ್ನು ಸಾಹಿತ್ಯದ ಲೆಕ್ಕಕ್ಕೆ ಸೇರಿಸದವರ ಬಗ್ಗೆ ನನಗೆ ಬೇಸರವಿದೆ. ಗಂಡನ ಕಾಯಿಲೆಯ ಜೊತೆ ವರ್ಷಗಟ್ಟಲೆ ಬಾಳಿದ ಈಕೆಗೂ ಕ್ಯಾನ್ಸರ್ ಬಂತು. 1991ರಲ್ಲಿ ಅವರು ತೀರಿಕೊಂಡರು.

ನಿರಂಜನರ ಹೆಸರು ಬಂದಾಗಲೆಲ್ಲ ಪಾರ್ಶ್ವವಾಯುವಿಗೂ ಜಗ್ಗದೆ ಬರೆದರು ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಆ ವರ್ಷಗಳಲ್ಲೇ ಚಿಕಿತ್ಸೆ, ಸಂಸಾರ, ಆರೈಕೆಗಳ ನಡುವೆ ಅದೇ ಮನೆಯಲ್ಲಿ ಇನ್ನೊಂದು ಲೇಖನಿಯೂ ಓಡುತ್ತಿತ್ತು. ‘ಮೃತ್ಯುಂಜಯ’ವನ್ನು ಕೈಗೆತ್ತಿಕೊಂಡಾಗ ನನಗೆ ಆ ಎರಡನೆಯ ಲೇಖನಿಯ ಸದ್ದೂ ಕೇಳಿಸುತ್ತದೆ.